ನೀರಂಚಿನ ಮಾತು: ದಂಡೆಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು?

ರಾಯಚೂರು ಸೀಮೆಯ ಗುಂಜಹಳ್ಳಿಯ ಒಂದು ತರಗತಿಯಲ್ಲಿ ನೀವು ಪಾಠ ಮಾಡುತ್ತಿದ್ದೀರಿ ಎಂದು ಭಾವಿಸಿ. ವಿದ್ಯಾರ್ಥಿಯೊಬ್ಬ ಎದ್ದು ನಿಂತು, 'ಸರ, ನಮ್ಮ ಸೋದರಮಾವನ ಊರು ಹೊಳಿ ದಂಡಿಗಿ ಐತ್ರಿ' ಎನ್ನುತ್ತಾನೆ. ಅದನ್ನೇ ಇಂಗ್ಲಿಷಿನಲ್ಲಿ ಬರೆಯಲು ಹೇಳಿದಿರಿ. ಒಬ್ಬ 'ರಿವರ್ ಕೋಸ್ಟ್' ಎಂದು ಬರೆದ. ಇನ್ನೊಬ್ಬಳು 'ರಿವರ್ ಶೋರ್' ಎಂದಳು. ಮೂರನೆಯವನು 'ರಿವರ್ ಬೀಚ್' ಎಂದ. ನಾಲ್ಕನೆಯವಳು ಮಾತ್ರ 'ರಿವರ್ ಬ್ಯಾಂಕ್' ಎಂದು ಬರೆದಳು. ನೀವು ಮೊದಲ ಮೂರಕ್ಕೆ ಕೆಂಪು ಗೆರೆ ಎಳೆದಿರಿ. 'ಯಾಕ್ರಿ ಸರ, ಡಿಕ್ಷನರಿಯಾಗ ಎಲ್ಲಾದಕ್ಕೂ ದಡ, ತೀರ ಅಂತನ ಐತಲ್ಲ?' ಎಂದು ಅವರು ಕೇಳಿದರೆ ಏನು ಉತ್ತರ ಕೊಡುತ್ತೀರಿ?

'ಹಾಗೆ ಬರೆಯುವ ರೂಢಿ ಇಲ್ಲ' ಎಂದುಬಿಟ್ಟರೆ ಮಕ್ಕಳು ಸುಮ್ಮನಾಗಬಹುದು. ಆದರೆ ಅದು ಉತ್ತರವಲ್ಲ. ಪ್ರತಿಯೊಂದು ಪದದ ಹಿಂದೆ ಒಂದು ಅವಲೋಕನವಿದೆ. ನೀರು ಹರಿಯುವುದೋ ನಿಂತದ್ದೋ, ಸಿಹಿಯೋ ಉಪ್ಪೋ, ನಾವು ಯಾವ ಮಗ್ಗುಲಲ್ಲಿ ನಿಂತಿದ್ದೇವೆ, ಯಾವ ಕಾಲದಲ್ಲಿ ನೋಡುತ್ತಿದ್ದೇವೆ ಎಂಬ ವಿವರ ಆ ಪದಗಳೊಳಗೆ ಅಡಗಿದೆ. ಪದ ತಪ್ಪಿದರೆ ವಿವರವೂ ತಪ್ಪುತ್ತದೆ. ಹಾಗೆ ತಪ್ಪಿದಾಗ ಒಂದು ನಾಡೇ ನಕ್ಷೆಯಲ್ಲಿ ನಾನೂರು ಕಿಲೋಮೀಟರ್ ಆಚೆ ಸರಿದದ್ದೂ ಉಂಟು. ಆ ಕಥೆಯನ್ನು ಮುಂದೆ ನೋಡೋಣ. ಈ ಚರ್ಚೆಗೆ ಗುಂಜಹಳ್ಳಿಗಿಂತ ಒಳ್ಳೆಯ ಜಾಗ ಸಿಕ್ಕುವುದು ಕಷ್ಟ. ಅಲ್ಲಿಂದ ಉತ್ತರಕ್ಕೆ ಹೊರಟರೆ ಕೃಷ್ಣೆ ಸಿಗುತ್ತಾಳೆ, ದಕ್ಷಿಣಕ್ಕೆ ಹೊರಟರೆ ತುಂಗಭದ್ರೆ. ಎರಡು ಹೊಳೆಗಳ ನಡುವಿನ ನಾಡು ಅದು.

ಬೆಂಚು, ಪಕ್ಕೆಲುಬು, ಬೆಣಚುಕಲ್ಲು

ಮೊದಲು ಆ ನಾಲ್ಕು ಪದಗಳ ಹುಟ್ಟನ್ನು ನೋಡೋಣ.

'ಬ್ಯಾಂಕ್' ಎಂಬುದು ಉತ್ತರ ಯುರೋಪಿನ ನಾರ್ಸ್ ಜನರ ಭಾಷೆಯಿಂದ ಇಂಗ್ಲಿಷಿಗೆ ಬಂದ ಪದ. ಮೂಲದಲ್ಲಿ ಅದಕ್ಕೆ ಏರು, ದಿಬ್ಬ ಎಂಬ ಅರ್ಥ. ನಾವು ಕೂರುವ ಬೆಂಚೂ ಅದೇ ಕುಲದ ಪದ. ಹಣವಿಡುವ ಬ್ಯಾಂಕು ಕೂಡ ದೂರದ ನೆಂಟನೇ. ಇಟಲಿಯ ಹಣದ ವ್ಯಾಪಾರಿಗಳು ಬೆಂಚಿನ ಮೇಲೆ ನಾಣ್ಯ ಹರಡಿಕೊಂಡು ಕೂರುತ್ತಿದ್ದುದರಿಂದ ಆ ಹೆಸರು ಬಂತು. ಹೊಳೆಗೆ ಈ ಪದ ಏಕೆ ಒಪ್ಪುತ್ತದೆ ಎಂಬುದು ಭೂಗೋಳ ಬಲ್ಲವರಿಗೆ ತಕ್ಷಣ ತಿಳಿಯುತ್ತದೆ. ಹರಿಯುವ ನೀರು ತನ್ನ ಪಾತ್ರವನ್ನು ತಾನೇ ಕೊರೆದುಕೊಳ್ಳುತ್ತದೆ. ಪ್ರವಾಹ ಬಂದಾಗ ಅಂಚಿನಲ್ಲಿ ಮರಳು, ಮೆಕ್ಕಲು ಮಣ್ಣು ಬಿಟ್ಟು ಹೋಗುತ್ತದೆ. ಹೀಗೆ ಎರಡೂ ಪಕ್ಕದಲ್ಲಿ ಏರು ನಿಲ್ಲುತ್ತದೆ. ಆದ್ದರಿಂದ ಬ್ಯಾಂಕ್ ಎಂದರೆ ಹರಿಯುವ ನೀರನ್ನು ಹಿಡಿದಿಟ್ಟ ಏರು. ಹೊಳೆಗೆ, ಹಳ್ಳಕ್ಕೆ, ಕಾಲುವೆಗೆ ಅದು ಸಲ್ಲುತ್ತದೆ.

'ಶೋರ್' ಎಂಬುದಕ್ಕೂ ಕತ್ತರಿಸುವುದು ಎಂಬ ಅರ್ಥದ ಧಾತುವಿಗೂ ಸಂಬಂಧವಿದೆ ಎಂದು ಪದತಜ್ಞರು ಹೇಳುತ್ತಾರೆ. ನೆಲ ಮುಗಿದು ವಿಶಾಲವಾದ ನೀರು ಆರಂಭವಾಗುವ ಗೆರೆ ಅದು. ಸರೋವರಕ್ಕೂ ಸಮುದ್ರಕ್ಕೂ ಶೋರ್ ಇದೆ. 'ಕೋಸ್ಟ್' ಬಂದದ್ದು ಲ್ಯಾಟಿನ್ನಿನ 'ಕೋಸ್ಟಾ' ಎಂಬ ಪದದಿಂದ. ಅದರ ಅರ್ಥ ಪಕ್ಕೆಲುಬು! ದೇಶವನ್ನು ಒಂದು ದೇಹವೆಂದು ಕಂಡರೆ ಸಮುದ್ರದ ಕಡೆಯ ಮಗ್ಗುಲೇ ಕೋಸ್ಟ್. ಹಾಗಾಗಿ ಅದು ಗೆರೆಯಲ್ಲ, ಒಂದು ಪಟ್ಟಿ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿ ಕೋಸ್ಟ್. ಅಲ್ಲಿ ನೀವು ಬರಿಗಾಲಲ್ಲಿ ನೀರಿಗಿಳಿಯುವ ಜಾಗ ಶೋರ್. 'ಬೀಚ್' ಎಂಬುದು 16ನೆಯ ಶತಮಾನದಲ್ಲಿ ಅಲೆಗಳು ಉರುಳಿಸಿ ನುಣುಪು ಮಾಡಿದ ಬೆಣಚುಕಲ್ಲುಗಳ ಹೆಸರಾಗಿತ್ತು. ಬರಬರುತ್ತ ಆ ಕಲ್ಲು, ಮರಳು ಹರಡಿದ ಜಾಗಕ್ಕೇ ಆ ಹೆಸರು ನಿಂತಿತು. ಬ್ಯಾಂಕ್ ಹೇಳುವುದು ಆಕಾರವನ್ನು, ಶೋರ್ ಗಡಿಯನ್ನು, ಕೋಸ್ಟ್ ಪ್ರದೇಶವನ್ನು, ಬೀಚ್ ಅಲ್ಲಿ ಹರಡಿರುವ ವಸ್ತುವನ್ನು.

ಕನ್ನಡದಲ್ಲಿಯೂ ಇಂಥ ನೋಟಗಳಿವೆ. ನಮ್ಮ ಭಾಗದ ಸೀರೆಗೆ, ಧೋತರಕ್ಕೆ 'ದಡಿ' ಇರುತ್ತದೆ, ಹೊಳೆಗೆ 'ದಡ' ಇರುತ್ತದೆ. ದಕ್ಷಿಣ ಕನ್ನಡದವರು ಸೀರೆಯ ಅಂಚಿಗೆ 'ಕರೆ' ಎನ್ನುತ್ತಾರೆ. ಮಲಯಾಳದಲ್ಲಿ 'ಕರ', ತಮಿಳಿನಲ್ಲಿ 'ಕರೈ' ಎಂದರೆ ದಡ. ಬಟ್ಟೆಯ ಅಂಚನ್ನೂ ನೀರಿನ ಅಂಚನ್ನೂ ನಮ್ಮ ಹಿರಿಯರು ಒಂದೇ ಕಣ್ಣಿನಿಂದ ನೋಡಿದಂತೆ ಕಾಣುತ್ತದೆ.

ಎರಡು ನೀರಿನ ನಾಡು

ಈಗ ಗುಂಜಹಳ್ಳಿಯ ಮಕ್ಕಳು ತಮ್ಮ ಸೀಮೆಯನ್ನು ಇಂಗ್ಲಿಷಿನಲ್ಲಿ ಏನೆಂದು ಕರೆಯಬೇಕು? ಅವರದು ಒಂದು ನದಿಯ ಪಕ್ಕದ ನಾಡಲ್ಲ, ಎರಡು ನದಿಗಳ ನಡುವಿನದು. ಇತಿಹಾಸದ ಪುಸ್ತಕಗಳಲ್ಲಿ ನೀವು 'ರಾಯಚೂರು ದೋಆಬ್' ಎಂದು ಓದಿರುತ್ತೀರಿ. ಇಂದು ಇಂಗ್ಲಿಷ್ ನಿಘಂಟುಗಳಲ್ಲೂ ಇರುವ ಈ ಪದ ಹುಟ್ಟಿನಿಂದ ಪರ್ಷಿಯನ್. 'ದೋ' ಎಂದರೆ ಎರಡು, 'ಆಬ್' ಎಂದರೆ ನೀರು. ಸಂಸ್ಕೃತದ 'ದ್ವಿ' ಮತ್ತು 'ಅಪ್' ಇವುಗಳ ಒಡಹುಟ್ಟುಗಳೇ. ಪಂಜಾಬ್ ಎಂದರೆ ಐದು ನೀರು, ಗುಲಾಬ್ ಎಂದರೆ ಹೂವಿನ ನೀರು. ಹೆಂಡ, ಸಾರಾಯಿಯ ಲೆಕ್ಕ ನೋಡುವ ಅಬಕಾರಿ ಇಲಾಖೆಯ ಹೆಸರಿನಲ್ಲಿರುವುದೂ ಇದೇ ಆಬ್.

ಉತ್ತರ ಭಾರತದಲ್ಲಿ ಬರಿದೇ ದೋಆಬ್ ಎಂದರೆ ಗಂಗಾ-ಯಮುನೆಯರ ನಡುವಿನ ಬಯಲು. ಪಂಜಾಬಿನಲ್ಲಿ ಇಂಥವು ಹಲವು ಇದ್ದುದರಿಂದ ಅಕ್ಬರನ ಕಾಲದಲ್ಲಿ ನದಿಗಳ ಹೆಸರಿನ ಅಕ್ಷರಗಳನ್ನು ಜೋಡಿಸಿ ಹೊಸ ಹೆಸರು ಕಟ್ಟಿದರು. ಬಿಯಾಸ್ ಮತ್ತು ರಾವಿಗಳ ನಡುವಿನದು 'ಬಾರಿ', ರಾವಿ ಮತ್ತು ಚಿನಾಬ್‌ಗಳ ನಡುವಿನದು 'ರೇಚ್ನಾ'. ಹೆಸರು ಕೇಳಿದರೆ ಸಾಕು, ಜಾಗ ಎಲ್ಲಿದೆ ಎಂದು ತಿಳಿಯುತ್ತದೆ. ನಾಮಕರಣದ ವಿಜ್ಞಾನಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕೇ?

ದಕ್ಷಿಣಕ್ಕೆ ಈ ಪದವನ್ನು ತಂದದ್ದು ಪರ್ಷಿಯನ್ನಿನಲ್ಲಿ ಬರೆಯುತ್ತಿದ್ದ ಆಡಳಿತಗಾರರು ಮತ್ತು ಇತಿಹಾಸಕಾರರು. ಅವರಲ್ಲಿ ಪ್ರಸಿದ್ಧನಾದ ಫೆರಿಸ್ತಾ ತನ್ನ ಇತಿಹಾಸವನ್ನು ಬರೆದದ್ದು ನಮ್ಮ ವಿಜಯಪುರದಲ್ಲಿ, ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ. ಜೊನಾಥನ್ ಸ್ಕಾಟ್ 1794ರಲ್ಲಿ, ಜಾನ್ ಬ್ರಿಗ್ಸ್ 1829ರಲ್ಲಿ ಅವನ ಗ್ರಂಥವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಬಹಮನಿ ಮತ್ತು ವಿಜಯನಗರದ ಅರಸರು ಶತಮಾನಗಳ ಕಾಲ ಕಾದಾಡಿದ್ದು ಈ ನೆಲಕ್ಕಾಗಿಯೇ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಮುತ್ತಿದಾಗ ಇಸ್ಮಾಯಿಲ್ ಆದಿಲ್‌ಶಾಹನ ಸೈನ್ಯ ಕೃಷ್ಣೆಯನ್ನು ದಾಟಿ ಬಂತು. ಸೋತು ಹಿಂತಿರುಗುವಾಗ ಅನೇಕರು ಹೊಳೆಯ ಪಾಲಾದರು. ಬೆನ್ನ ಹಿಂದೆ ನದಿ ಇರುವ ಸೈನ್ಯದ ಪಾಡು ಏನೆಂಬುದು ಆ ದಿನ ತಿಳಿಯಿತು.

ಬ್ರಿಟಿಷರ ಕಾಲಕ್ಕೆ ದೋಆಬ್ ಕೇವಲ ವರ್ಣನೆಯ ಪದವಾಗಿ ಉಳಿಯಲಿಲ್ಲ, ಕರಾರುಪತ್ರದ ಪದವಾಯಿತು. 1853ರ ಒಪ್ಪಂದದಲ್ಲಿ ಹೈದರಾಬಾದಿನ ನಿಜಾಮ ಸೈನ್ಯದ ಖರ್ಚಿನ ಬಾಬ್ತು ಬೇರಾರ್ ಮುಂತಾದ ಪ್ರದೇಶಗಳೊಂದಿಗೆ ರಾಯಚೂರು ದೋಆಬನ್ನೂ ಕಂಪನಿಯ ವಶಕ್ಕೆ ಕೊಟ್ಟ. 1860ರಲ್ಲಿ ಅದು ನಿಜಾಮನಿಗೆ ಮರಳಿತು. ಒಂದು ನಾಡಿನ ಗಡಿಯನ್ನು ಹೇಳಲು ಎರಡು ನದಿಗಳು ಸಾಕಾಗಿದ್ದವು.

ಒಂದು ಅಕ್ಷರ, ನಾನೂರು ಕಿಲೋಮೀಟರ್

ದೋಆಬ್ ಎಂಬ ಪದ ಬರುವ ಮೊದಲು ಈ ನಾಡಿಗೆ ಹೆಸರಿರಲಿಲ್ಲವೇ? ಇತ್ತು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ 'ಎಡೆದೊರೆ ಎರಡುಸಾಸಿರ', ಅಂದರೆ ಎಡೆದೊರೆ 2000 ಎಂಬ ನಾಡಿನ ಹೆಸರು ಬರುತ್ತದೆ. ಎಡೆ ಎಂದರೆ ನಡುವೆ, ತೊರೆ ಎಂದರೆ ಹೊಳೆ. ಹೊಳೆಗಳ ನಡುವಿನ ನಾಡು ಎಡೆದೊರೆನಾಡು. ಗ್ರೀಕರು ಯೂಫ್ರೆಟಿಸ್, ಟೈಗ್ರಿಸ್ ನದಿಗಳ ನಡುವಿನ ನೆಲವನ್ನು 'ಮೆಸೊಪೊಟೇಮಿಯ' ಎಂದು ಕರೆದರು. ಅದರ ಅರ್ಥವೂ ಇದೇ. ದಕ್ಷಿಣ ಅಮೆರಿಕದ ಅರ್ಜೆಂಟೀನದಲ್ಲಿ 'ಎಂತ್ರೆ ರಿಯೊಸ್' ಎಂಬ ಪ್ರಾಂತವಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೂ ನದಿಗಳ ನಡುವೆ ಎಂದೇ ಅರ್ಥ. ಒಬ್ಬರನ್ನೊಬ್ಬರು ಕಾಣದ ಜನ ಒಂದೇ ಬಗೆಯ ನೆಲವನ್ನು ಕಂಡು ಒಂದೇ ಬಗೆಯ ಹೆಸರಿಟ್ಟರು.

ಈಗ ಮೊದಲು ಹೇಳಿದ ಕಥೆ. 11ನೆಯ ಶತಮಾನದ ಚೋಳ ದೊರೆ ರಾಜೇಂದ್ರನ ತಮಿಳು ಶಾಸನಗಳು ಅವನು ಗೆದ್ದ ನಾಡುಗಳ ಪಟ್ಟಿ ಕೊಡುತ್ತವೆ. ಅದರಲ್ಲಿ 'ಇಡೈತುರೈನಾಡು' ಎಂಬ ಹೆಸರಿದೆ. ಇದು ಯಾವ ಜಾಗ? ಶಾಸನಗಳನ್ನು ಇಂಗ್ಲಿಷಿಗೆ ತಂದ ಆರಂಭದ ವಿದ್ವಾಂಸರಲ್ಲಿ ಕೆಲವರು ಇದನ್ನು ಮೈಸೂರು ಸೀಮೆಯ ಎಡತೊರೆ ಎಂದು ಊಹಿಸಿದರು. ಕಾವೇರಿಯ ದಂಡೆಯ ಆ ಹಳೆಯ ಊರು ಇಂದಿನ ಕೃಷ್ಣರಾಜನಗರದ ಬಳಿ ಇದೆ. ಹೆಸರಿನ ಹೋಲಿಕೆ ಹಾಗಿದೆ, ತಪ್ಪು ಸಹಜವೇ. ಮುಂದೆ ಶಾಸನತಜ್ಞ ಜೆ. ಎಫ್. ಫ್ಲೀಟ್ ಅದು ಕೃಷ್ಣಾ-ತುಂಗಭದ್ರೆಯರ ನಡುವಿನ ಎಡೆದೊರೆ 2000 ಎಂದು ಗುರುತಿಸಿದರು. ಶಾಸನದ ಪಟ್ಟಿಯಲ್ಲಿ ಜೊತೆಗಿರುವ ಹೆಸರುಗಳನ್ನು ನೋಡಿ. ಬನವಾಸಿ ಇದೆ, ತೆಲಂಗಾಣದ ಕೊಲ್ಲಿಪಾಕೆ ಇದೆ. ಚೋಳರು ಕಾದಾಡುತ್ತಿದ್ದುದು ಚಾಲುಕ್ಯರೊಡನೆ. ಆ ಸಾಲಿನಲ್ಲಿ ರಾಯಚೂರು ಸೀಮೆ ಸರಿಯಾಗಿ ಕೂರುತ್ತದೆ, ಕಾವೇರಿ ದಂಡೆಯ ಊರು ಕೂರುವುದಿಲ್ಲ.

ಎರಡು ಜಾಗಗಳ ನಡುವೆ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ಎರಡು ಹೆಸರುಗಳ ನಡುವೆ? 'ಎಡ' ಮತ್ತು 'ಎಡೆ'. ಕಾವೇರಿ ಎಡಕ್ಕೆ ತಿರುಗುವುದರಿಂದ ಎಡತೊರೆ ಎಂಬ ಹೆಸರು ಬಂತೆಂದು ಹೇಳುವುದುಂಟು. ಎಡೆದೊರೆಯಲ್ಲಿರುವುದು ನಡುವೆ ಎಂಬ ಅರ್ಥ. ಒಂದು ಎತ್ವದ ಅಂತರದಲ್ಲಿ ದಿಕ್ಕು ತೋರುವ ಪದ, ಸ್ಥಾನ ತೋರುವ ಪದ ಎರಡೂ ಬೇರೆಯಾದವು. ನೀರಂಚಿನ ಹೆಸರನ್ನು ಅನುವಾದ ಮಾಡುವವರು ಧ್ವನಿಯನ್ನಷ್ಟೇ ಕೇಳಿದರೆ ಸಾಲದು, ಆ ಹೆಸರು ಯಾವ ಸಂಬಂಧವನ್ನು ಹೇಳುತ್ತದೆ ಎಂದು ಕೇಳಬೇಕು.

ಎಡದಂಡೆ ಯಾವುದು, ಬಲದಂಡೆ ಯಾವುದು?

ಎಡ-ಬಲದ ಮಾತು ಬಂತಲ್ಲ, ಒಂದು ಸಣ್ಣ ಪರೀಕ್ಷೆ ಮಾಡೋಣ. ಮಾನ್ವಿಯ ಕಡೆಯ ರೈತರು ನೆಚ್ಚಿರುವುದು ತುಂಗಭದ್ರಾ ಎಡದಂಡೆ ಕಾಲುವೆಯನ್ನು. ಹೊಸಪೇಟೆಯ ಬಳಿಯ ಜಲಾಶಯದಿಂದ ಹೊರಟು ಸುಮಾರು 227 ಕಿ.ಮೀ. ಹರಿದು ಬರುವ ಕಾಲುವೆ ಅದು. ದೇವದುರ್ಗದ ಕಡೆಗೆ ಬರುವುದು ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ. ಎರಡೂ ಒಂದೇ ಜಿಲ್ಲೆಯ ತಾಲ್ಲೂಕುಗಳು. ಒಂದು ಎಡ, ಒಂದು ಬಲ ಹೇಗಾಯಿತು?

ಭೂಗೋಳಶಾಸ್ತ್ರದ ನಿಯಮ ಹೀಗಿದೆ. ನದಿ ಹರಿಯುವ ದಿಕ್ಕಿಗೆ ಮುಖಮಾಡಿ ನಿಲ್ಲಬೇಕು. ಆಗ ಎಡಗೈ ಕಡೆಯದು ಎಡದಂಡೆ, ಬಲಗೈ ಕಡೆಯದು ಬಲದಂಡೆ. ನೋಡುವವರು ಎಲ್ಲಿ ನಿಂತರೂ ಹೆಸರು ಬದಲಾಗುವುದಿಲ್ಲ. ಏಕೆಂದರೆ ಇಲ್ಲಿ ದಿಕ್ಕನ್ನು ನಿರ್ಧರಿಸುವುದು ಮನುಷ್ಯನಲ್ಲ, ನೀರು. ಎರಡೂ ನದಿಗಳು ಒಟ್ಟಾರೆ ಪೂರ್ವದ ಕಡೆಗೆ ಹರಿಯುತ್ತವೆ. ಪೂರ್ವಕ್ಕೆ ಮುಖ ಮಾಡಿದರೆ ಬಲಕ್ಕೆ ದಕ್ಷಿಣ, ಎಡಕ್ಕೆ ಉತ್ತರ. ಎಡೆದೊರೆನಾಡು ಕೃಷ್ಣೆಯ ದಕ್ಷಿಣಕ್ಕಿದೆ, ಆದ್ದರಿಂದ ಅವಳ ಬಲದಂಡೆ. ತುಂಗಭದ್ರೆಯ ಉತ್ತರಕ್ಕಿದೆ, ಆದ್ದರಿಂದ ಅವಳ ಎಡದಂಡೆ. ಅಕ್ಕತಂಗಿಯರಿಬ್ಬರು ನಡುವೆ ಮಗುವನ್ನು ನಿಲ್ಲಿಸಿಕೊಂಡು, ಒಬ್ಬಳು ಬಲಗೈಯಿಂದ, ಇನ್ನೊಬ್ಬಳು ಎಡಗೈಯಿಂದ ಹಿಡಿದು ನಡೆದಂತೆ!

ಕಾಲುವೆಯ ಜೊತೆಗೆ ಹಕ್ಕಿನ ಪ್ರಶ್ನೆಯೂ ಬರುತ್ತದೆ. ಇಂಗ್ಲಿಷಿನ 'ರಿವರ್' ಎಂಬ ಪದ ಲ್ಯಾಟಿನ್ನಿನ 'ರೀಪ' ಎಂಬುದರಿಂದ ಬಂದದ್ದು. ರೀಪ ಎಂದರೆ ದಂಡೆ. ಅಂದರೆ ದಂಡೆಯ ಹೆಸರೇ ಕಾಲಕ್ರಮದಲ್ಲಿ ನೀರಿನ ಹೆಸರಾಯಿತು. ಕಾನೂನಿನ 'ರೈಪೇರಿಯನ್' ಎಂಬ ಪದವೂ ಅಲ್ಲಿಯದೇ. ದಂಡೆಯವರು ಎಂಬ ಕಾರಣಕ್ಕೆ ನೀರಿನಲ್ಲಿ ಹಕ್ಕುಳ್ಳವರು ಎಂದು ಅದರ ತಾತ್ಪರ್ಯ. 'ರೈವಲ್' ಎಂಬ ಪದ ಬಂದದ್ದು 'ರೀವಸ್', ಅಂದರೆ ತೊರೆ, ಎಂಬುದರಿಂದ. ಒಂದೇ ತೊರೆಯ ನೀರನ್ನು ಬಳಸುವ ನೆರೆಯವನೇ ಮೊದಲ ರೈವಲ್. ಇಂದು ಅದಕ್ಕೆ ಎದುರಾಳಿ ಎಂಬ ಅರ್ಥ. ಏಕೆ ಹಾಗಾಯಿತು ಎಂದು ರಾಯಚೂರಿನವರಿಗೆ ವಿವರಿಸಬೇಕಾಗಿಲ್ಲ.

ಮಾನ್ವಿ ತಾಲ್ಲೂಕಿನ ರಾಜೋಳಿಬಂಡಾದ ಆಣೆಕಟ್ಟನ್ನೇ ನೋಡಿ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಯೋಜಿಸಿದಾಗ ತಲೆಯೂ ಬಾಲವೂ ಒಂದೇ ಸಂಸ್ಥಾನದಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆಣೆಕಟ್ಟು ಅಂದಿನ ಮೈಸೂರು ರಾಜ್ಯಕ್ಕೂ, ಕಾಲುವೆಯ ಕೆಳಭಾಗ ಆಂಧ್ರಕ್ಕೂ ಸೇರಿದವು. ಆ ಕೆಳಭಾಗ ಈಗ ತೆಲಂಗಾಣದಲ್ಲಿದೆ. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿ ಕೃಷ್ಣಾ ಕಣಿವೆಯಲ್ಲಿ ಕರ್ನಾಟಕಕ್ಕೆ 700 ಟಿ.ಎಂ.ಸಿ. ನೀರನ್ನು ನಿಗದಿ ಮಾಡಿತು. ರಾಜೋಳಿಬಂಡಾ ಯೋಜನೆಗೆ 17.1 ಟಿ.ಎಂ.ಸಿ. ಲೆಕ್ಕ ಹಾಕಲಾಯಿತು. ಅದರಲ್ಲಿ 15.9 ಕೆಳಗಿನವರಿಗೆ, 1.2 ಕರ್ನಾಟಕಕ್ಕೆ. ಒಂದೇ ಕಾಲುವೆಯ, ಒಂದೇ ಎಡದಂಡೆಯ ಜನ ಎರಡು ರಾಜ್ಯಗಳ 'ರೈವಲ್'ಗಳಾದರು.

ನಮ್ಮಿಂದ ಹೋದ ಪದಗಳು

ತನ್ನಲ್ಲಿ ಇಲ್ಲದ ವಸ್ತುವಿಗೆ ಇಂಗ್ಲಿಷ್ ಭಾಷೆ ಸಂಕೋಚವಿಲ್ಲದೆ ನಮ್ಮ ಪದಗಳನ್ನು ತೆಗೆದುಕೊಂಡಿದೆ. ಹೊಳೆಗೆ ಅಡ್ಡಲಾಗಿ ಕಟ್ಟುವ ತಗ್ಗು ಒಡ್ಡಿಗೆ 'ಆನಿಕಟ್' ಎನ್ನುತ್ತಾರೆ. ಅದು ತಮಿಳಿನ ಅಣೈಕಟ್ಟು, ನಮ್ಮ ಅಣೆಕಟ್ಟು. ನೀರುಣ್ಣುವ ಜಮೀನಿಗೆ 'ಆಯಕಟ್', ಏರಿಗೆ 'ಬಂಡ್', ಸ್ನಾನದ ಮೆಟ್ಟಿಲಿಗೆ 'ಘಾಟ್'. ಇಂಥ ಪದಗಳನ್ನು ಹುಡುಕಿ ಸೇರಿಸಿದ ಯೂಲ್ ಮತ್ತು ಬರ್ನೆಲ್ ಅವರ 'ಹಾಬ್ಸನ್-ಜಾಬ್ಸನ್' ನಿಘಂಟು 1886ರಲ್ಲಿ ಬಂತು. ದೋಆಬ್ ಕೂಡ ಅದರಲ್ಲಿ ಇದೆ.

ಆದರೆ ಊರು ಬಿಟ್ಟ ಪದ ಅರ್ಥವನ್ನೂ ಬದಲಿಸಿಕೊಳ್ಳುತ್ತದೆ. ಇಲ್ಲಿ ಎಚ್ಚರ ಬೇಕು. 'ನಲ್ಲಾ' ಎಂದರೆ ಇಂಗ್ಲಿಷಿನಲ್ಲಿ ಮಳೆಗಾಲದಲ್ಲಿ ಹರಿಯುವ ಹಳ್ಳ. ನಮ್ಮ ಮಸ್ಕಿ ನಾಲಾ ಅಂಥದ್ದೇ. ಆದರೆ ಮಂಡ್ಯದವರಿಗೆ ನಾಲೆ ಎಂದರೆ ಮನುಷ್ಯ ತೋಡಿದ ಕಾಲುವೆ. ಮಂಡ್ಯದ ನಾಲೆಯನ್ನು 'ನಲ್ಲಾ' ಎಂದೂ ಮಸ್ಕಿಯ ನಾಲಾವನ್ನು 'ಕೆನಾಲ್' ಎಂದೂ ಬರೆದರೆ ನಿಸರ್ಗ ಮಾಡಿದ್ದು ಮನುಷ್ಯನ ಲೆಕ್ಕಕ್ಕೆ, ಮನುಷ್ಯ ಮಾಡಿದ್ದು ನಿಸರ್ಗದ ಲೆಕ್ಕಕ್ಕೆ ಹೋಗುತ್ತದೆ.

ಕೆರೆಯ ವಿಷಯ ಇನ್ನೂ ಸ್ವಾರಸ್ಯದ್ದು. ಭಾರತದಲ್ಲಿದ್ದ ಇಂಗ್ಲಿಷರು ಕೆರೆಗೆ 'ಟ್ಯಾಂಕ್' ಎಂದರು. ಗುಜರಾತಿಯ ಒಂದು ಪದ, ಪೋರ್ಚುಗೀಸರ ಒಂದು ಪದ ಎರಡೂ ಸೇರಿ ಅದಾಯಿತೆಂದು ಹೇಳುತ್ತಾರೆ. 1916ರಲ್ಲಿ ಯುದ್ಧಕ್ಕಿಳಿದ ಉಕ್ಕಿನ ಬಂಡಿಯನ್ನು ಗುಟ್ಟಾಗಿ ತಯಾರಿಸುವಾಗ ನೀರಿನ ತೊಟ್ಟಿ ಎಂದು ನಂಬಿಸಲು ಅದಕ್ಕೂ ಅದೇ ಹೆಸರಿಟ್ಟರು. ಇಂದು ನೀವು ಹೊರದೇಶದ ಗೆಳೆಯನಿಗೆ 'ನಮ್ಮ ಊರಲ್ಲಿ ಟ್ಯಾಂಕ್ ಇದೆ' ಎಂದು ಬರೆದರೆ ಅವನು ಮಹಡಿಯ ಮೇಲಿನ ಡ್ರಮ್ಮನ್ನೋ ರಣರಂಗವನ್ನೋ ನೆನೆದಾನು. ಹಾಗೆಂದು 'ಲೇಕ್' ಎಂದರೆ ತಾನಾಗಿ ಆದ ಸರೋವರ ಎಂಬ ಭಾವನೆ ಬರುತ್ತದೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಇರುವ ಕೆರೆಯ ಹಿಂದಿನ ಶ್ರಮವೆಲ್ಲ ಮರೆಯಾಗುತ್ತದೆ. ಮೊದಲ ಸಲ 'ಇರಿಗೇಶನ್ ಟ್ಯಾಂಕ್' ಎಂದು ಬಿಡಿಸಿ ಬರೆದು, ಮುಂದೆ ಬರಿದೇ ಟ್ಯಾಂಕ್ ಎನ್ನುವುದು ಒಳ್ಳೆಯ ದಾರಿ. ಊರ ಹೆಸರನ್ನಂತೂ ಅನುವಾದ ಮಾಡಲೇಬಾರದು. ವಿಜಯನಗರ ಜಿಲ್ಲೆಯ ಅಂಕಸಮುದ್ರ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಹಕ್ಕಿಗಳ ಕೆರೆ. ಅದರ 'ಸಮುದ್ರ'ದಲ್ಲಿ ಉಪ್ಪಿನ ಹನಿಯೂ ಇಲ್ಲ!

ಕರಾವಳಿ ಎಲ್ಲಿ ಮುಗಿಯುತ್ತದೆ?

ಉಪ್ಪಿನ ಮಾತು ಬಂದದ್ದರಿಂದ ಪಶ್ಚಿಮದ ಕಡಲ ಕಡೆಗೆ ಒಮ್ಮೆ ಹೋಗಿ ಬರೋಣ. ನೇತ್ರಾವತಿಯ ಅಳಿವೆಯಿಂದ ನದಿಯ ಮೇಲ್ಭಾಗಕ್ಕೆ ದೋಣಿಯಲ್ಲಿ ಹೊರಟರೆ ಕೋಸ್ಟ್ ಎಲ್ಲಿ ಮುಗಿದು ಬ್ಯಾಂಕ್ ಎಲ್ಲಿ ಆರಂಭವಾಗುತ್ತದೆ? ಕಣ್ಣಿಗೆ ಯಾವ ಗೆರೆಯೂ ಕಾಣದು. ಕಾನೂನಿಗೆ ಮಾತ್ರ ಗೆರೆ ಬೇಕು. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಭರತದ ಗೆರೆಯಿಂದ 500 ಮೀಟರ್ ಒಳಗಿನ ನೆಲದಲ್ಲಿ ಕಟ್ಟಡ ಮುಂತಾದವಕ್ಕೆ ಮಿತಿ ಹಾಕಿತು. ಉಬ್ಬರದ ನೀರು ನುಗ್ಗುವ ನದಿಗಳ ಅಂಚೂ ಇದರೊಳಗೆ ಬಂತು. ಎಲ್ಲಿಯವರೆಗೆ? 2011ರ ಅಧಿಸೂಚನೆಯ ಪ್ರಕಾರ, ವರ್ಷದ ಅತ್ಯಂತ ಒಣ ಕಾಲದಲ್ಲಿ ಅಳೆದಾಗ ನೀರಿನ ಲವಣಾಂಶ ಸಾವಿರಕ್ಕೆ 5 ಭಾಗ ಇರುವವರೆಗೆ. ಸಮುದ್ರದ ನೀರಿನಲ್ಲಿ ಇದು ಸುಮಾರು 35 ಭಾಗ. ಒಣ ಕಾಲವೇ ಏಕೆ? ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಉಪ್ಪುನೀರನ್ನು ಕೆಳಕ್ಕೆ ತಳ್ಳುತ್ತದೆ. ಬೇಸಿಗೆಯಲ್ಲಿ ಅದು ಒಳನಾಡಿನತ್ತ ಏರಿ ಬರುತ್ತದೆ. ಹೀಗೆ ಕೋಸ್ಟ್ ಮತ್ತು ಬ್ಯಾಂಕ್ ಎಂಬ ಎರಡು ಪದಗಳ ನಡುವಿನ ಗಡಿಯನ್ನು ಪ್ರಯೋಗಾಲಯದ ಒಂದು ಅಳತೆ ತೀರ್ಮಾನಿಸುತ್ತದೆ.

ದಂಡೆಯೋ, ನದಿಯ ಅಂಗಳವೋ?

ಮತ್ತೆ ನಮ್ಮ ಹೊಳೆಗಳಿಗೆ ಬರೋಣ. ಲಿಂಗಸುಗೂರು ತಾಲ್ಲೂಕಿನ ಜಲದುರ್ಗದ ಆಸುಪಾಸಿನಲ್ಲಿ ಕೃಷ್ಣೆಯ ನಡುವೆ ಕರಕಲಗಡ್ಡಿ, ಮ್ಯಾದರಗಡ್ಡಿ ಎಂಬ ಚಿಕ್ಕ ಜನವಸತಿಗಳಿವೆ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಅಲ್ಲಿಯವರಿಗೆ ಹೊರಗಿನ ಸಂಪರ್ಕ ತಪ್ಪುತ್ತದೆ. ಹೊಳೆ ಇಳಿದ ಕಾಲದಲ್ಲಿ ದಾಟಿ ಬರಬಹುದು. ಇಂಗ್ಲಿಷಿನಲ್ಲಿ ಇದು 'ಐಲ್ಯಾಂಡ್' ಹೌದೇ? ಆಗಸ್ಟ್ ತಿಂಗಳಲ್ಲಿ ನಿಸ್ಸಂಶಯವಾಗಿ ಹೌದು. ಏಪ್ರಿಲ್‌ನಲ್ಲಿ ಹೋದವರಿಗೆ ಆ ಮಾತು ಉತ್ಪ್ರೇಕ್ಷೆ ಎನಿಸೀತು. ಏಪ್ರಿಲ್‌ನಲ್ಲಿ ನೋಡಿ ವರದಿ ಬರೆದವರು ಆಗಸ್ಟ್ ತಿಂಗಳ ದೋಣಿಯನ್ನು ಮರೆಯುವ ಅಪಾಯವಿದೆ. ಇಂಥಲ್ಲಿ ಪದದ ಜೊತೆಗೆ ತಿಂಗಳನ್ನೂ ಬರೆಯಬೇಕು.

ಇದಕ್ಕಿಂತ ದೊಡ್ಡ ಪಾಠ 2009ರದು. ಆ ವರ್ಷ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಕೃಷ್ಣಾ, ತುಂಗಭದ್ರೆಯರು ಉಕ್ಕಿ ಹರಿದರು. ತುಂಗಭದ್ರೆಯ ಆಚೆ ದಡದ ಮಂತ್ರಾಲಯ ಮುಳುಗಿತು, ಕೆಳಗಿನ ಕರ್ನೂಲು ಮುಳುಗಿತು, ಈಚೆ ರಾಯಚೂರು ಜಿಲ್ಲೆಯ ಹೊಳೆಸಾಲಿನ ಊರುಗಳಿಗೂ ನೀರು ನುಗ್ಗಿತು. ಮನೆ ಕಳೆದುಕೊಂಡ ಅನೇಕ ಊರುಗಳನ್ನು ಎತ್ತರದ ಜಾಗಕ್ಕೆ ಸ್ಥಳಾಂತರಿಸಬೇಕಾಯಿತು. ಆ ಊರುಗಳು 'ರಿವರ್‌ಸೈಡ್'ನಲ್ಲಿ ಇದ್ದವು ಎಂದರೆ ತಪ್ಪಲ್ಲ. ಆದರೆ ರಿವರ್‌ಸೈಡ್ ಎಂಬುದು ನೋಟವನ್ನು ಮಾತ್ರ ಹೇಳುವ ಪದ. ನಿವೇಶನ ಮಾರುವವರಿಗೂ ಅದು ಬಲು ಪ್ರಿಯ. ಭೂವಿಜ್ಞಾನದ ಪದ ಬೇರೆ, ಅದು 'ಫ್ಲಡ್‌ಪ್ಲೇನ್'. ನದಿ ತಾನೇ ಹೊತ್ತು ತಂದ ಮೆಕ್ಕಲು ಮಣ್ಣಿನಿಂದ ಕಟ್ಟಿದ, ಮತ್ತು ಆಗಾಗ ಬಂದು ಆವರಿಸುವ ಬಯಲು ಎಂದು ಅದರ ಅರ್ಥ. ಕೆರೆಗೆ ಅಂಗಳ ಇದೆ ಎನ್ನುತ್ತೇವೆ. ಹಾಗೆಯೇ ಇದು ನದಿಯ ಅಂಗಳ. ಹತ್ತು-ಇಪ್ಪತ್ತು ವರ್ಷ ಆಕೆ ಬಾರದೆ ಇರಬಹುದು, ಅಂಗಳ ಆಕೆಯದೇ.

ಒಂದೇ ನೆಲ. ರಿವರ್‌ಸೈಡ್ ಎಂದು ಬರೆದ ನಕ್ಷೆಯಲ್ಲಿ ಅಲ್ಲೊಂದು ಶಾಲೆ ಕಟ್ಟಬಹುದು ಎನಿಸುತ್ತದೆ. ಫ್ಲಡ್‌ಪ್ಲೇನ್ ಎಂದು ಬರೆದರೆ, 'ಹೊಳಿ ಎಲ್ಲಿ ಮಟ ಬಂದಿತ್ತು?' ಎಂದು ಊರ ಹಿರಿಯರನ್ನು ಕೇಳಿಯೇ ಮುಂದುವರಿಯಬೇಕು ಎನಿಸುತ್ತದೆ. ಒಂದು ಪದಕ್ಕೆ ಇಷ್ಟು ಕೆಲಸ ಮಾಡುವ ಶಕ್ತಿ ಇದೆ.

ತರಗತಿಯಲ್ಲಿ ಮಾಡಿನೋಡಿ

ಹಾಗಾದರೆ ಇಂಗ್ಲಿಷಿನಲ್ಲಿ ಬರೆಯುವಾಗ ಸರಿಯಾದ ಪದವನ್ನು ಹೇಗೆ ಆರಿಸಬೇಕು? ನಿಘಂಟು ತೆರೆಯುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ನೀರು ಹರಿಯುತ್ತದೆಯೇ, ನಿಂತಿದೆಯೇ? ಸಿಹಿಯೇ, ಉಪ್ಪೇ? ನಾವು ಹೇಳುತ್ತಿರುವುದು ಒಂದು ಗೆರೆಯನ್ನೋ, ಏರನ್ನೋ, ಅಗಲವಾದ ಪ್ರದೇಶವನ್ನೋ? ವರ್ಷದ ಎಲ್ಲ ಕಾಲದಲ್ಲೂ ಅದು ಹಾಗೆಯೇ ಇರುತ್ತದೆಯೇ? ಉತ್ತರ ಸಿಕ್ಕಿದರೆ ಪದ ತಾನಾಗಿ ಸಿಗುತ್ತದೆ. ಸಿಗದಿದ್ದರೆ ದೋಆಬ್, ಆನಿಕಟ್‌ಗಳ ಹಾಗೆ ನಮ್ಮ ಪದವನ್ನೇ ಇಟ್ಟು, ಒಂದು ವಾಕ್ಯದಲ್ಲಿ ವಿವರಿಸಿ.

ಅಧ್ಯಾಪಕ ಮಿತ್ರರು ಒಂದು ಚಟುವಟಿಕೆ ಮಾಡಿಸಬಹುದು. ಊರಿನ ಸುತ್ತಲ ಹೊಳೆ, ಹಳ್ಳ, ಕೆರೆ, ಕಾಲುವೆಗಳ ನಕ್ಷೆಯನ್ನು ಮಕ್ಕಳೇ ಬರೆಯಲಿ. ಮಡು, ಗಡ್ಡಿ, ಏರಿ, ಕೋಡಿ, ಅಂಗಳ ಎಂದು ಮನೆಯಲ್ಲಿ ಅಜ್ಜ-ಅಜ್ಜಿಯರು ಬಳಸುವ ಹೆಸರುಗಳನ್ನು ಅದರಲ್ಲಿ ತುಂಬಲಿ. ಅನಂತರ ಪ್ರತಿಯೊಂದರ ಮುಂದೆ ಇಂಗ್ಲಿಷ್ ಪದ ಬರೆದು, ಆ ಪದವನ್ನೇ ಏಕೆ ಆರಿಸಿದೆ ಎಂದು ಕಾರಣ ಕೊಡಲಿ. ಪ್ರವಾಹದ ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಗೆರೆಯನ್ನೂ ಎಳೆಯಲಿ.

ಆಗ ಸೋದರಮಾವನ ಊರಿನ ಬಗ್ಗೆ ಆ ವಿದ್ಯಾರ್ಥಿ 'ರಿವರ್ ಬ್ಯಾಂಕ್' ಎಂದಷ್ಟೇ ಬರೆದು ನಿಲ್ಲಿಸಲಾರ. ಊರು ತುಂಗಭದ್ರೆಯ ಎಡದಂಡೆಯಲ್ಲಿದೆ, ರಾಯಚೂರು ದೋಆಬಿನೊಳಗಿದೆ, ಕೆಳಗಿನ ಓಣಿ ಫ್ಲಡ್‌ಪ್ಲೇನಿನಲ್ಲಿದೆ ಎಂದು ಮೂರು ವಾಕ್ಯ ಬರೆದಾನು. ಕೆಂಪು ಶಾಯಿಗೆ ಅಲ್ಲಿ ಕೆಲಸವಿಲ್ಲ.